ಕೂಗಿ ನೋಡುವ ನೆಲ

ಅಗುವಾ ಸೇಕಾ ಕೌಂಟಿಯಲ್ಲಿ ಯಾರಾದರೂ ಹೊಸದಾಗಿ ನೆಲ ಕೊಂಡರೆ ಬಾವಿ ಕೊರೆಯುವವನಿಗಿಂತ ಮೊದಲು ವೆಲ್ಡಾ ರಸ್ಕಳನ್ನು ಕರೆಸುತ್ತಾರೆ. ಆಕೆ ತನ್ನ ಹಳೇ ಟ್ರಕ್ಕಿನಲ್ಲಿ ಬಂದು ಇಳಿದು, ಮೊದಲು ನಿಮ್ಮ ಹೆಸರು ಕೇಳುತ್ತಾಳೆ. ಮನೆ ಎಲ್ಲಿ ಕಟ್ಟಬೇಕೆಂದಿದ್ದೀರೋ ಅಲ್ಲಿ ನಿಮ್ಮನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಾಳೆ. ಆಮೇಲೆ ಒಣ ಪೊದೆಗಳ ನಡುವೆ ಮಂಡಿ ನೋವಿಗೆ ಬೈದುಕೊಳ್ಳುತ್ತಾ ಪಕ್ಕದವರ ಬೇಲಿಯ ತನಕ ನಡೆದುಹೋಗಿ, ಅಲ್ಲಿಂದ ನಿಮ್ಮ ಹೆಸರು ಹಿಡಿದು ಕೂಗುತ್ತಾಳೆ. ನೀವು ತಿರುಗಿ ನೋಡಿದರೆ ಅಲ್ಲೇ ಕಟ್ಟಿ. ನೋಡದಿದ್ದರೆ ಮನೆಯನ್ನು ಇನ್ನಷ್ಟು ಬೇಲಿಯ ಕಡೆಗೆ ತನ್ನಿ ಎಂದು ಹೇಳಿ ಟ್ರಕ್ಕು ಹತ್ತುತ್ತಾಳೆ.

ನೀರಿನ ಬಗ್ಗೆ, ಬಿಸಿಲಿನ ಬಗ್ಗೆ, ಮಣ್ಣಿನ ಬಗ್ಗೆ ನಾಲ್ಕು ಮಾತು ಹೇಳುತ್ತಾಳೆಂದು ಕಾದವರು ಮುಖ ಮುಖ ನೋಡಿಕೊಂಡು ನಗುತ್ತಾರೆ. ನಗಲಿ. ಒಂದು ಕಾಲದಲ್ಲಿ ಈಕೆ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ, ಹೇಳಬಂದವರ ಬಾಯಿಯನ್ನೂ ಮುಚ್ಚಿಸುತ್ತಿದ್ದಳು ಎಂಬುದು ಅವರಿಗೆ ಗೊತ್ತಿಲ್ಲ.

ಅಗುವಾ ಸೇಕಾ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಒಣ ನೀರು. ಹೆಸರಿನಲ್ಲೇ ಎಚ್ಚರಿಕೆ ಇದೆ, ಆದರೆ ನೆಲ ಮಾರುವವರು ಅದರ ಅರ್ಥ ಬಿಡಿಸಿ ಹೇಳುವುದಿಲ್ಲ. ನಲವತ್ತು ಎಕರೆ, ಎತ್ತ ನೋಡಿದರೂ ಆಕಾಶ, ಕೇಳುವವರಿಲ್ಲ ಹೇಳುವವರಿಲ್ಲ ಎಂದಷ್ಟೇ ಹೇಳುತ್ತಾರೆ. ಕರೆಂಟಿನ ತಂತಿ ಡಾಂಬರು ರಸ್ತೆಯಿಂದ ಈಚೆಗೆ ಬಂದಿಲ್ಲ. ನೀರು ಬೇಕೆಂದರೆ ಪೇಟೆಯ ಕೊಳಾಯಿಗೆ ಹೋಗಿ ಪೀಪಾಯಿ ತುಂಬಿಸಿಕೊಂಡು ಬರಬೇಕು. ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡಿದ ಎಂಬ ಮಾತನ್ನು ಅಲ್ಲಿ ಹೇಳಿದರೆ, ಪಾಪ, ಜಿಪುಣನಿರಬೇಕು ಎಂದು ತಿಳಿದಾರು. ಆದರೂ ಪ್ರತಿ ಬೇಸಿಗೆಯಲ್ಲಿ ಜನ ಬರುತ್ತಾರೆ. ಊರು ಹೋಗು ಅನ್ನುತ್ತೆ ಕಾಡು ಬಾ ಅನ್ನುತ್ತೆ ಎಂಬ ವಯಸ್ಸಿನವರು, ಊರೇ ಹೊರಗೆ ಹಾಕಿದವರು, ಊರಿನ ಮುಖ ನೋಡಲಾರೆ ಎಂದು ಎದ್ದು ಬಂದವರು. ಹಿಮ ಬೀಳುವ ಹೊತ್ತಿಗೆ ಮುಕ್ಕಾಲು ಪಾಲು ಹೊರಟುಹೋಗಿರುತ್ತಾರೆ.

ವೆಲ್ಡಾ ಬಂದದ್ದು ಮೂವತ್ತು ದಾಟಿದ ಹೊಸದರಲ್ಲಿ, ಗಂಡ ಕರ್ಟಿಸ್ ಜೊತೆ. ಎರಡನೇ ಚಳಿಗಾಲದಲ್ಲಿ ಅವನು "ನಾನೋ, ಈ ಪೀಪಾಯಿನೋ, ಒಂದು ಆರಿಸ್ಕೊ" ಅಂದ. ವೆಲ್ಡಾ ಉತ್ತರ ಹೇಳದೆ ಪೀಪಾಯಿ ತೊಳೆಯಲು ಹೋದಳು. ಅದೇ ಉತ್ತರವಾಯಿತು. ಆ ಮೇಲೆ ಆಕೆ ಒಬ್ಬಳೇ ಗೋಡೆ ಎತ್ತಿದಳು, ಚಾವಣಿಯಿಂದ ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿದಳು, ಬಿಸಿಲಿನಿಂದ ಕರೆಂಟು ಮಾಡುವ ಹಲಗೆಗಳನ್ನು ಜೋಡಿಸಿದಳು, ಹುರುಳಿ ಬೆಳೆಯದ ಮಣ್ಣಿನಲ್ಲಿ ಸೋರೆ ಬೆಳೆದಳು. ಬಂದವರಿಗೆಲ್ಲ ಕೈಯಾಸರೆಯಾದಳು. ಅವರ ಹೆಸರು, ಮಕ್ಕಳ ಹೆಸರು, ನಾಯಿಯ ಹೆಸರು ಎಲ್ಲ ಬಾಯಿಪಾಠ. ಟ್ರಿಂಬಲ್ ಎಂಬ ಗಂಡ ಹೆಂಡತಿಯನ್ನಂತೂ ಒಡಹುಟ್ಟಿದವರಂತೆ ಹಚ್ಚಿಕೊಂಡಿದ್ದಳು. ಒಂದು ಫೆಬ್ರವರಿಯಲ್ಲಿ ಆಕೆ ಕಾಳಿನ ಸಾರು ಒಯ್ದಾಗ ಅವರ ಬಾಗಿಲು ಹಾರುಹೊಡೆದಿತ್ತು, ಒಲೆಯ ಮೇಲೆ ಅರ್ಧ ತುಂಬಿದ ಕೆಟಲಿನಲ್ಲಿ ನೀರು ಹೆಪ್ಪುಗಟ್ಟಿತ್ತು. ಹೋಗುತ್ತೇವೆಂದು ಒಂದು ಮಾತು ಹೇಳಿರಲಿಲ್ಲ. ವೆಲ್ಡಾ ಆ ಕೆಟಲನ್ನು ಮನೆಗೆ ತಂದು, ಸಾರನ್ನು ನಾಯಿಗೆ ಹಾಕಿ, ಅತ್ತಳು. ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಅಲ್ಲಿಂದ ಮುಂದೆ ಒಂದು ಕಟ್ಟಳೆ ಮಾಡಿಕೊಂಡಳು. ಮೊದಲ ಚಳಿಗಾಲ ಕಳೆದು ಈಸ್ಟರ್ ಬರುವ ತನಕ ಹೊಸಬರ ಹೆಸರು ಕೇಳುವುದಿಲ್ಲ. ಗಾಡಿಯ ಬಣ್ಣ ಹೇಳಿದರೆ ಸಾಕು: ಹಳದಿ ಪಿಕಪ್ಪಿನವನು, ಕೆಂಪು ಬಸ್ಸಿನವರು. ಈಸ್ಟರ್ ಭಾನುವಾರ ಯಾರು ಉಳಿದಿರುತ್ತಾರೋ ಅವರಿಗೆ ವೆಲ್ಡಾಳ ಮನೆಯಲ್ಲಿ ದೋಸೆಯಂಥ ಪ್ಯಾನ್‌ಕೇಕು, ಪೀಚ್ ಹಣ್ಣಿನ ಪಾಕ. ಅಂದು ಅವರು ಎದ್ದು ನಿಂತು ಹೆಸರು ಹೇಳುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಡಾಂಬರು ರಸ್ತೆ ಸೇರುವಲ್ಲಿ ಸಾಲಾಗಿ ನಿಂತಿರುವ ಅಂಚೆ ಪೆಟ್ಟಿಗೆಗಳ ಮೇಲೆ ಅವರ ಹೆಸರು ಬಣ್ಣದಲ್ಲಿ ಏರುವುದೂ ಅಂದೇ. ಉಳಿದ ಹಳಬರಿಗೂ ಇದು ಹಿಡಿಸಿತು. ಒಬ್ಬೊಬ್ಬರ ಮನೆಯಲ್ಲೂ ಇಂಥದೊಂದು ಕೆಟಲು ಇತ್ತಲ್ಲ.

ಒಪ್ಪದವನು ಎಲಾಡಿಯೊ ಬಾಕಾ ಒಬ್ಬನೇ. ಅವನ ಮುತ್ತಜ್ಜನ ಕಾಲದಿಂದ ಅಲ್ಲೇ ಕುರಿ ಕಾಯುತ್ತಿದ್ದ ಮನೆತನ.

"ಹೆಸರು ಗೊತ್ತಿಲ್ದೆ ಮನುಷ್ಯನ ಹತ್ರ ಏನು ಮಾತಾಡ್ತೀಯೆ, ಮಾರಾಯ್ತಿ? ನಮ್ಮ ಮಂದೆ ಮುಂದಾಳು ಕುರಿಗಳಿಗೆಲ್ಲ ಹೆಸರಿದೆ. ಧೂಳು ಎದ್ದಾಗ ಸುಮ್ನೆ ಹೋಯ್ ಅಂತ ಕೂಗು, ಒಂದೂ ಬರಲ್ಲ. ಪಲೋಮಾ ಅಂತ ಕೂಗು, ಪಲೋಮಾ ಬರ್ತಾಳೆ, ಅವಳ ಹಿಂದೆ ಎಲ್ಲಾ ಬರ್ತಾವೆ."

"ನಿನ್ನ ಕುರಿಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಕೊಂಡು ಅರಿಜ಼ೋನಾಗೆ ಓಡಿಹೋಗಲ್ಲ ಕಣಯ್ಯಾ. ಓಡಿಹೋದಾಗ ಬಾ, ಮಾತಾಡೋಣ" ಎಂದು ವೆಲ್ಡಾ ಅವನ ಬಾಯಿ ಮುಚ್ಚಿಸಿದ್ದಳು.

ಅದೊಂದು ಸೆಪ್ಟೆಂಬರಿನಲ್ಲಿ ಹಸಿರು ವ್ಯಾನು ಬಂತು. ಓಡಿಸಿಕೊಂಡು ಬಂದವಳು ಐವತ್ತರ ಹತ್ತಿರದ ಒಂಟಿ ಹೆಂಗಸು. ಓಹಾಯೊದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಕಾಯಿಲೆಯ ಗಂಡನನ್ನು ಕೊನೆಯ ತನಕ ನೋಡಿಕೊಂಡು, ಆಮೇಲೆ ಮನೆ ಮಾರಿ ಈ ನೆಲವನ್ನು ಕಾಣದೆಯೇ ಕೊಂಡಿದ್ದಳು. ಮೊದಲ ದಿನವೇ ವೆಲ್ಡಾಳ ಬಾಗಿಲಿಗೆ ಬಂದಳು.

"ನೀವು ನೆಲ ನೋಡಿ ಹೇಳ್ತೀರಂತೆ. ಬಂದು ಹೇಳ್ತೀರಾ? ನನ್ನ ಹೆಸರು—"

"ಬೇಡ" ಅಂದಳು ವೆಲ್ಡಾ ಕೈ ಎತ್ತಿ. "ಈಸ್ಟರ್ ಆಗ್ಲಿ."

"ಅಲ್ಲಿವರೆಗೆ?"

"ಹಸಿರು ವ್ಯಾನು."

ಆಕೆ ತನ್ನ ವ್ಯಾನನ್ನೊಮ್ಮೆ ತಿರುಗಿ ನೋಡಿ, "ಪುಣ್ಯ, ಕಂದು ಬಣ್ಣದ್ದು ಅಗ್ಗಕ್ಕೆ ಸಿಕ್ತಿತ್ತು, ತಗೊಳ್ಲಿಲ್ಲ" ಎಂದು ನಕ್ಕಳು.

ನೆಲ ಚೆನ್ನಾಗಿತ್ತು. ಅಲ್ಲಿಗೆ ಹೋಗಿ ಟ್ರಕ್ಕಿನಿಂದ ಇಳಿಯುತ್ತಲೇ ವೆಲ್ಡಾಳಿಗೆ ತಿಳಿಯಿತು. ವಾಯುವ್ಯಕ್ಕೆ ಗುಡ್ಡ ಅಡ್ಡವಾಗಿ ಗಾಳಿಯನ್ನು ತಡೆಯುತ್ತಿತ್ತು, ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿತ್ತು, ಕಾಲಡಿಗೆ ಜೇಡಿಯಲ್ಲ, ಗರಸು. ಹಿಂದಿನ ಒಣ ಹಳ್ಳವೂ ಮನೆಯ ಜಾಗಕ್ಕೆ ತಕ್ಕಷ್ಟು ದೂರ. ಆದರೆ ವೆಲ್ಡಾ ಆ ವರ್ಷಗಳಲ್ಲಿ ನೆಲ ನೋಡುವುದನ್ನು ಬಿಟ್ಟಿದ್ದಳು. ನೆಲ ಯಾರನ್ನೂ ಓಡಿಸುವುದಿಲ್ಲ, ಓಡುವವರು ತಾವೇ ಓಡುತ್ತಾರೆ ಎಂಬುದು ಆಕೆಯ ತೀರ್ಮಾನ. ಆದ್ದರಿಂದ ಕಾಫಿ ಕುಡಿದ ಮೇಲೆ ಲೋಟ ತೊಳೆದ ನೀರನ್ನು ಹೊಸಬರು ಎಲ್ಲಿ ಚೆಲ್ಲುತ್ತಾರೆ ಎಂದು ನೋಡುತ್ತಿದ್ದಳು. ಗಿಡದ ಬುಡಕ್ಕೆ ಹಾಕಿದರೆ ಉಳಿಯುವ ಕುಳ. ಬೀಸಿ ಎಸೆದರೆ ಹೋಗುವ ಕುಳ.

ಹಸಿರು ವ್ಯಾನಿನವಳು ಮಾತಾಡುತ್ತಾ ಮಾತಾಡುತ್ತಾ ಲೋಟ ತೊಳೆದು ನೀರನ್ನು ಬಯಲಿಗೆ ಬೀಸಿ ಎಸೆದಳು. ಹುಟ್ಟಿದಾಗಿನಿಂದ ನಲ್ಲಿಯ ಕೆಳಗೆ ಲೋಟ ಹಿಡಿದ ಕೈ, ಪಾಪ, ಇನ್ನೇನು ಮಾಡೀತು.

"ಹೇಗಿದೆ? ನಿಜ ಹೇಳಿ. ಇದು ಹೋದ್ರೆ ನಂಗೆ ಬೇರೆ ಎಲ್ಲೂ ಇಲ್ಲ" ಅಂದಳು.

"ಹಿಮ ಬೀಳೋಕೆ ಮೊದ್ಲು ಹೊರಟುಬಿಡು. ನಿನ್ನ ಕೈಲಾಗಲ್ಲ."

ಆಕೆಯ ಮುಖ ಸಣ್ಣದಾಯಿತು. ಗುಡ್ಡದ ಕಡೆ ತಿರುಗಿ, "ಹಾಗಾದ್ರೆ ಈಸ್ಟರ್ ದಿನ ನಂಗೆ ಎರಡು ಪ್ಯಾನ್‌ಕೇಕು ಜಾಸ್ತಿ ಇಡಿ" ಅಂದಳು.

ಹೋಗಲಿಲ್ಲ. ಅಕ್ಟೋಬರಿನಲ್ಲಿ ವ್ಯಾನಿಗೆ ಒಲೆ ಕೂರಿಸಿಕೊಂಡಳು. ಡಿಸೆಂಬರಿಗೆ ಕಟ್ಟಿಗೆ ಒಟ್ಟಿಕೊಂಡಳು. ಲೋಟದ ನೀರು ಎಂದೋ ಒಂದು ಜುನಿಪರ್ ಸಸಿಯ ಬುಡ ಸೇರತೊಡಗಿತ್ತು. ಪೇಟೆಯ ಕೊಳಾಯಿಗೆ ಶನಿವಾರ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೋಗುವಂತಾಯಿತು. ದಾರಿಯುದ್ದ ಆಕೆ ಶಾಲೆಯ ಬಸ್ಸಿನ ಮಕ್ಕಳ ಕತೆ ಹೇಳುವಳು. ವೆಲ್ಡಾ ನಗಬಾರದೆಂದು ಕಿಟಕಿಯಾಚೆ ನೋಡುವಳು, ಆದರೂ ನಗು ಬರುವುದು. ಹೆಸರು ನಾಲಿಗೆಯ ತುದಿಗೆ ಬಂದು ಎಷ್ಟೋ ಸಲ ನಿಂತಿತು. ಕೇಳಲಿಲ್ಲ. ಕೇಳಿದರೆ ಹಚ್ಚಿಕೊಂಡಂತೆ, ಹಚ್ಚಿಕೊಂಡರೆ ಹೋದಂತೆ. ಹೊಟ್ಟೆಯೊಳಗಿನ ಈ ಲೆಕ್ಕವನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಈಗಾಗಲೇ ಹಚ್ಚಿಕೊಂಡಾಗಿದೆ ಎಂದು ತನಗೆ ತಾನೂ ಹೇಳಿಕೊಂಡಿರಲಿಲ್ಲ.

"ಈಸ್ಟರ್‌ಗೆ ಮುಂಚೆ ನಾನು ಸತ್ತುಹೋದ್ರೆ?" ಎಂದು ಆಕೆ ಒಂದು ಶನಿವಾರ ಪೀಪಾಯಿ ತುಂಬುತ್ತಾ ಕೆಣಕಿದಳು.

"ಬಿಡ್ತು ಅನ್ನು. ಗೋರಿಗೆ ಹಸಿರು ಬಣ್ಣ ಬಳೀತೀನಿ ತಗೋ."

ಇಬ್ಬರೂ ನಕ್ಕರು. ನಗುವಂಥ ಮಾತೇ ಆಗಿತ್ತು ಅವತ್ತಿಗೆ.

ಫೆಬ್ರವರಿಯ ಕೊನೆ. ಅಲ್ಲಿ ಎದ್ದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ, ಅಕ್ಕಪಕ್ಕದವರ ಹೊಗೆ ನೋಡುವುದು. ಹೊಗೆ ಕಂಡರೆ ಅವರು ಬದುಕಿದ್ದಾರೆ, ಕಾಫಿ ಕಾಯಿಸುತ್ತಿದ್ದಾರೆ. ಆ ದಿನ ಬೆಳಿಗ್ಗೆ ಗುಡ್ಡದ ಕೆಳಗೆ ಹಸಿರು ವ್ಯಾನಿನ ಹೊಗೆ ಇತ್ತು. ಆಮೇಲೆ ಗಾಳಿ ಎದ್ದಿತು. ಹಿಂದಿನ ದಿನ ಬಿದ್ದ ಪುಡಿ ಹಿಮವನ್ನು ನೆಲದಿಂದ ಎಬ್ಬಿಸಿ ಅಡ್ಡಡ್ಡ ಹೊಡೆಯಿತು. ತಲೆಯ ಮೇಲೆ ಆಕಾಶ ನೀಲಿಯಾಗಿಯೇ ಇದ್ದು ತನ್ನ ಮೊಣಕಾಲು ತನಗೇ ಕಾಣದಂಥ ಗಾಳಿ. ಮಧ್ಯಾಹ್ನ ಒಂದು ಗಳಿಗೆ ತೆರವಾದಾಗ ವೆಲ್ಡಾ ನೋಡಿದಳು. ವ್ಯಾನಿನ ಮೇಲೆ ಹೊಗೆ ಇರಲಿಲ್ಲ.

ಆಕೆಗೆ ಮೊದಲು ಬಂದ ಯೋಚನೆ: ಹೊರಟುಹೋದಳು.

ಭಯವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಟ್ರಿಂಬಲ್‌ಗಳ ಕೆಟಲನ್ನೇ ಒಲೆಗಿಟ್ಟು ಕಾಫಿ ಕಾಯಿಸಿಕೊಂಡಳು. ಎಲ್ಲರೂ ಅಷ್ಟೇ, ನಾನು ಹೇಳಲಿಲ್ಲವೇ, ಲೋಟದ ನೀರು ಸುಳ್ಳು ಹೇಳುವುದಿಲ್ಲ ಎಂದು ತನಗೆ ತಾನೇ ಶಭಾಶ್ ಹೇಳಿಕೊಂಡು ಕುಡಿದಳು. ಕಾಫಿ ತಳ ಕಂಡಾಗ ಒಂದು ವಿಷಯ ಹೊಳೆಯಿತು. ಡಾಂಬರು ರಸ್ತೆಗೆ ಹೋಗುವ ದಾರಿ ಆಕೆಯ ಅಂಗಳದ ಮುಂದಿನದೊಂದೇ. ಆ ದಾರಿಯಲ್ಲಿ ಹಸಿರು ವ್ಯಾನು ಹಾದುಹೋಗಿರಲಿಲ್ಲ. ಅದೂ ಅಲ್ಲದೆ, ವ್ಯಾನು ಅಲ್ಲೇ ನಿಂತಿದ್ದುದನ್ನು ಆಕೆ ಈಗತಾನೆ ತನ್ನ ಕಣ್ಣಿನಿಂದಲೇ ನೋಡಿದ್ದಳು. ಕಣ್ಣು ಕಂಡದ್ದನ್ನು ಸಿಟ್ಟು ಒಳಗೆ ಬಿಟ್ಟಿರಲಿಲ್ಲ.

ಟ್ರಕ್ಕು ಅರ್ಧ ದಾರಿಗೇ ಹೂತುಕೊಂಡಿತು. ವೆಲ್ಡಾ ಬೇಲಿಯ ತಂತಿ ಹಿಡಿದುಕೊಂಡು ನಡೆದಳು. ವ್ಯಾನಿನ ಬಾಗಿಲು ತೆರೆದಿತ್ತು, ಒಲೆ ತಣ್ಣಗಾಗಿತ್ತು. ಕಟ್ಟಿಗೆಯ ಮೇಲೆ ಹೊದಿಸಿದ್ದ ಟಾರ್ಪಾಲು ಕಿತ್ತುಹೋಗಿತ್ತು. ಅದನ್ನು ಹಿಡಿಯಲೆಂದು ಹಿಂದೆ ಓಡಿದ್ದಾಳೆ. ಹತ್ತು ಮಾರು ಓಡಿದರೆ ಸಾಕು ಆ ಗಾಳಿಯಲ್ಲಿ, ಮನೆ ಯಾವ ಕಡೆಗಿದೆ ಎಂಬುದು ಮರೆತುಹೋಗುತ್ತದೆ.

ವೆಲ್ಡಾ ಬಾಯಿಯ ಸುತ್ತ ಎರಡೂ ಕೈ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡಳು. ಏನೆಂದು ಕೂಗಬೇಕು?

ಆಗ ಗೊತ್ತಾಯಿತು ಆಕೆಗೆ. ಐದು ತಿಂಗಳ ನೆರೆಯವಳು, ಒಂದೇ ಟ್ರಕ್ಕಿನಲ್ಲಿ ಕೂತವಳು. ಗಂಡ ಹೇಗೆ ಸತ್ತ ಎಂಬುದು ಗೊತ್ತು, ಯಾವ ಹಲ್ಲು ನೋಯುತ್ತದೆ ಎಂಬುದೂ ಗೊತ್ತು. ಕೂಗಲು ಮಾತ್ರ ಏನೂ ಇಲ್ಲ.

"ಹೋಯ್!" ಎಂದು ಕೂಗಿದಳು. "ಹೋಯ್! ಹಸಿರು ವ್ಯಾನೇ!" ತನ್ನ ಕಿವಿಗೆ ತನ್ನ ಮಾತು ಬಿದ್ದು ನಾಚಿಕೆಯಿಂದ ಸತ್ತಳು. "ಎಲ್ಲಿದ್ದೀಯೇ, ತಾಯಿ! ಹೋಯ್!" ಗಾಳಿ ಅದನ್ನೆಲ್ಲ ಒಂದೇ ಶಬ್ದ ಮಾಡಿ ಒಯ್ದಿತು. ಗಂಟಲು ಒಡೆಯುವ ತನಕ ಕೂಗಿದಳು. ಹೊಗೆ ಇಲ್ಲದ್ದನ್ನು ಕಂಡು ಅತ್ತಲಿಂದ ಎಲಾಡಿಯೊನೂ ಕುದುರೆಯ ಮೇಲೆ ಬಂದ, ನಾಯಿಯ ಜೊತೆ.

"ಹೆಸರೇನು ಅವಳದ್ದು?" ಎಂದು ಕಿರುಚಿದ. ಕುದುರೆಯ ಮೇಲಿಂದ ಆಕೆಗೆ ಕೈ ಬೀಸಿದ್ದನೇ ಹೊರತು ಅವನೂ ಎಂದೂ ಮಾತಾಡಿಸಿರಲಿಲ್ಲ.

ಗೊತ್ತಿಲ್ಲವೆಂದು ವೆಲ್ಡಾ ತಲೆಯಾಡಿಸಿದಳು.

ಎಲಾಡಿಯೊ ಆಕೆಯ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನೂ ಬಾಯಿಯ ಸುತ್ತ ಕೈ ಹಿಡಿದು "ಹೋಯ್" ಎಂದು ಕೂಗಲು ಶುರುಮಾಡಿದ.

ಹೊತ್ತು ಇಳಿದು ಗಾಳಿ ನಿಂತ ಮೇಲೆ ನಾಯಿ ಹಸಿರು ವ್ಯಾನಿನವಳನ್ನು ಪತ್ತೆ ಹಚ್ಚಿತು. ವ್ಯಾನಿನಿಂದ ದೂರವೇನಿಲ್ಲ, ಹಿಂದಿನ ಒಣ ಹಳ್ಳದ ದಡದ ಕೆಳಗೆ, ಮಂಡಿ ಉಳುಕಿ ಮುದುಡಿಕೊಂಡು ಕೂತಿದ್ದಳು. ಟಾರ್ಪಾಲು ಕೈಯಲ್ಲೇ ಇತ್ತು, ಅದನ್ನೇ ಹೊದ್ದು ಜೀವ ಉಳಿಸಿಕೊಂಡಿದ್ದಳು. ಒಂದು ಬೂಟು ಮಾತ್ರ ಬೀಳುವಾಗ ಕಳಚಿಹೋಗಿತ್ತು. ಎಲಾಡಿಯೊ ಆಕೆಯನ್ನು ಕುದುರೆಯ ಮೇಲೆ ಹಾಕಿಕೊಂಡು ತನ್ನ ಪಿಕಪ್ಪಿನ ತನಕ ಒಯ್ದು, ಅಲ್ಲಿಂದ ಡಾಂಬರು ರಸ್ತೆಗೆ, ಆಂಬುಲೆನ್ಸಿಗೆ ಮುಟ್ಟಿಸಿದ. ಹೂತ ಟ್ರಕ್ಕಿನ ಪಕ್ಕದಲ್ಲಿ ವೆಲ್ಡಾ ಒಬ್ಬಳೇ ನಿಂತುಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಎನ್ನುತ್ತಾರೆ. ಆ ಒಲೆಯ ಮುಂದೆ ಕೂತವರಿಗೇ ಗೊತ್ತು ಅದರ ಉರಿ.

ರಸ್ತೆ ಒಣಗಿದ ಮೇಲೆ ವೆಲ್ಡಾ ಪೀಚ್ ಹಣ್ಣಿನ ಒಂದು ಬಾಟಲಿ ಹಿಡಿದುಕೊಂಡು ದೊಡ್ಡ ಊರಿನ ಆಸ್ಪತ್ರೆಗೆ ಹೋದಳು. ಆಂಬುಲೆನ್ಸಿನವರು ಹೆಸರು ಬರೆದುಕೊಂಡಾಗ ಎಲಾಡಿಯೊ ಅಲ್ಲೇ ಇದ್ದ, ಹೊರಡುವ ಮೊದಲು ಅವನನ್ನು ಒಂದು ಮಾತು ಕೇಳಬಹುದಿತ್ತು. ಬಿಗುಮಾನ ಬಿಡಲಿಲ್ಲ.

"ಯಾರನ್ನ ನೋಡ್ಬೇಕಿತ್ತು?" ಎಂದಳು ಮುಂದಿನ ಮೇಜಿನ ಹುಡುಗಿ.

"ನಮ್ಮ ಕಡೆಯೋಳು. ಕಾಲಿಗೆ ಹಿಮ ಹೊಡೆದಿದೆ. ಅಗುವಾ ಸೇಕಾದಿಂದ ತಂದ್ರಲ್ಲ, ಅವಳು."

"ಪೇಷಂಟ್ ಹೆಸರು?"

ವೆಲ್ಡಾ ಬಾಟಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

"ನಿಮಗೆ ಏನಾಗ್ಬೇಕು ಅವರು?"

"ಪಕ್ಕದ ಮನೆ."

"ಪಕ್ಕದ ಮನೆಯೋರ ಹೆಸರು ಗೊತ್ತಿಲ್ವಾ, ಅಮ್ಮಾ?"

ಆ ಹುಡುಗಿ ಕೆಟ್ಟವಳೇನಲ್ಲ. ಸುಳ್ಳು ಹೇಳುವವರನ್ನು ದಿನವೂ ನೋಡುತ್ತಿದ್ದಳು, ಈಕೆಯನ್ನೂ ಹಾಗೇ ನೋಡಿದಳು. ವೆಲ್ಡಾ ಗೋಡೆ ಬದಿಯ ಕುರ್ಚಿಯಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಹಳ ಹೊತ್ತು ಕೂತಳು. ಕೊನೆಗೆ ಹುಡುಗಿಗೇ ಮರುಕ ಬಂದು ಒಳಗೆ ಹೋಗಿ ವಿಚಾರಿಸಿಕೊಂಡು ಬಂದಳು.

"ನಿಮ್ಮ ಹೆಸರು ಗೊತ್ತಿಲ್ಲದೋರು ಯಾರೋ ಬಂದಿದಾರೆ ಅಂದೆ. ಒಳಗೆ ಕಳಿಸು, ಇನ್ನೂ ಈಸ್ಟರ್ ಬಂದಿಲ್ಲ ಅಂತ ಹೇಳು ಅಂದ್ರು. ಹೋಗಿ."

ಹಾಸಿಗೆಯ ಮೇಲೆ ಹೊದಿಕೆ ಒಂದು ಕಡೆ ಎತ್ತರವಾಗಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಬಲಗಾಲಿನ ಪಾದ ತೆಗೆದಿದ್ದರು. ವೆಲ್ಡಾ ಅತ್ತ ನೋಡಬಾರದೆಂದು ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಳು.

"ಕೂಗ್ತಿದ್ದೋಳು ನೀನಾ?" ಎಂದಳು ಮಲಗಿದ್ದವಳು.

"ಕೇಳಿಸ್ತಾ ನಿಂಗೆ?"

"ಕೇಳಿಸ್ತು. ಮಧ್ಯಾಹ್ನ ಪೂರ್ತಿ ಕೇಳಿಸ್ತು. ಹೋಯ್ ಹೋಯ್ ಅಂತ. ಎಲಾಡಿಯೊ ಕುರಿ ಹೊಡ್ಕೊಂಡು ಹೋಗ್ತಿದಾನೆ ಅಂದ್ಕೊಂಡೆ. ಆಗ ಇನ್ನೂ ತೆವಳೋ ಶಕ್ತಿ ಇತ್ತು, ಕೂಗೋ ಶಕ್ತಿನೂ ಇತ್ತು. ಆ ಮನುಷ್ಯ ಪಾಪ ಕುರಿ ಚಿಂತೇಲಿದಾನೆ, ಗಾಳಿ ನಿಲ್ಲಲಿ ಅಂತ ಸುಮ್ನೆ ಕೂತೆ." ಆಕೆ ಚಾವಣಿ ನೋಡುತ್ತಾ ಹೇಳಿದಳು, "ನನ್ನನ್ನ ಕರೀತಿದಾರೆ ಅಂತ ಹೊಳೀಲಿಲ್ಲ ವೆಲ್ಡಾ. ಅಲ್ಲಿ ಯಾರೂ ನನ್ನನ್ನ ಕರೆದೋರೇ ಇರ್ಲಿಲ್ಲವಲ್ಲ."

ವೆಲ್ಡಾ ಕೂತುಬಿಟ್ಟಳು.

"ನಿನ್ನ ಹೆಸರೇನು?" ಎಂದು ಕೇಳಿದಳು.

"ನಾಳೆ ನನ್ನ ತಂಗಿ ಬರ್ತಾಳೆ. ಓಹಾಯೊಗೆ ಕರ್ಕೊಂಡು ಹೋಗ್ತಾಳೆ. ಹೋಗೋರ ಹೆಸರು ಕೇಳಬಾರದು ಅಂತ ನಿನ್ನದೇ ಕಟ್ಟಳೆ."

ಅದು ಹಗೆಯ ಮಾತಾಗಿರಲಿಲ್ಲ. ದಣಿದವರ ಮಾತು. ಆಮೇಲೆ ಆಕೆಯೇ ಕೇಳಿದಳು. "ಒಂದೇ ಒಂದು ನಿಜ ಹೇಳು. ನನ್ನ ನೆಲ ಅಷ್ಟು ಕೆಟ್ಟದ್ದಾ?"

"ಅಲ್ಲ. ಕೌಂಟಿಗೇ ಒಳ್ಳೇ ನೆಲ ನಿಂದು. ಮೊದಲ ದಿನವೇ ಗೊತ್ತಿತ್ತು ನಂಗೆ. ನೀನೂ ಉಳಿಯೋಳೇ. ವಾಸಕ್ಕೆ ಲಾಯಕ್ಕಿಲ್ಲದ್ದು ನೆಲ ಅಲ್ಲ ಕಣೇ, ನಾವು." ವೆಲ್ಡಾ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. "ನಾನು. ನಿನ್ನ ಹೊಗೆ ಇಲ್ಲದ್ದು ನೋಡಿ, ಕೂತು ಕಾಫಿ ಕುಡಿದೆ ನಾನು."

ವೆಲ್ಡಾ ಪೀಚ್ ಬಾಟಲಿಯನ್ನು ಹಾಸಿಗೆಯ ಪಕ್ಕ ಇಟ್ಟು, ಕಣ್ಣೊರೆಸಿಕೊಂಡು ಎದ್ದಳು. ಬಾಗಿಲು ದಾಟಿ ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಹೋಗಿದ್ದಾಗ ಹಿಂದಿನಿಂದ ದನಿ ಬಂತು.

"ರೋವೀನಾ."

ವೆಲ್ಡಾ ನಿಂತಳು. ಹಿಂತಿರುಗಲಿಲ್ಲ. "ರೋವೀನಾ" ಎಂದು ಮೆಲ್ಲಗೆ ಹೇಳಿ ನೋಡಿದಳು.

"ಕೇಳಿಸ್ಲಿಲ್ಲ."

"ರೋವೀನಾ!"

"ಇನ್ನೂ ಜೋರಾಗಿ."

ವೆಲ್ಡಾ ರಸ್ಕ್ ಬಾಯಿಯ ಸುತ್ತ ಎರಡೂ ಕೈ ಹಿಡಿದು, ಎದೆ ತುಂಬ ಉಸಿರು ಎಳೆದುಕೊಂಡು, ಆ ಬಿಳಿ ಗೋಡೆಗಳ ನಡುವೆ ನಿಂತು "ರೋ—ವೀ—ನಾ!" ಎಂದು ಕೂಗಿದಳು. ಔಷಧಿಯ ತಟ್ಟೆ ಹಿಡಿದ ನರ್ಸೊಬ್ಬಳು ಓಡಿಬಂದಳು. ಅತ್ತಿತ್ತಲಿನ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಆಕೆ ಯಾರನ್ನೂ ನೋಡಲಿಲ್ಲ, ಒಳಗಿನಿಂದ ಬರಬೇಕಾದ ಉತ್ತರಕ್ಕೆ ಕಿವಿಗೊಟ್ಟು ನಿಂತಿದ್ದಳು.

"ಹ್ಞಾಂ" ಎಂದಿತು ಒಳಗಿನ ದನಿ. "ಹೀಗೆ ಕರೆದಿದ್ರೆ ಬರ್ತಿದ್ದೆ."